ಬಾಣಂತಿಯರ ಸೂಟಿ

ಹೆರಿಗೆಯಾದ ಹೆಂಗಸನ್ನು ಮನೆಗೆ ಕಳಿಸುವುದು ಸುಲಭ ಅಂತ ತಿಳಿದವರು ಸ್ವಲ್ಪ ದಿನ ನನ್ನ ಕೆಲಸ ಮಾಡಿ ನೋಡಬೇಕಿತ್ತು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಾನು ಜತ್ತದ ಒಂದು ದವಾಖಾನಿಯಲ್ಲಿ ನರ್ಸ್ ಆಗಿದ್ದೆ. ಬಾಣಂತಿಯರ ಖೋಲಿಯಲ್ಲಿ ಮಲಗುವ ಕಾಟು ಕಡಿಮೆ, ಬರುವವರು ಹೆಚ್ಚು. ತಾಯಿ, ಕೂಸು ಗಟ್ಟಿಯಾಗಿ ಕಂಡರೆ ನಮ್ಮ ಡಾಕ್ಟರಬಾಯಿ ಲಗೂನ ಸೂಟಿ ಕೊಟ್ಟು ಮನೆಗೆ ಕಳಿಸುತ್ತಿದ್ದರು. ಆದರೆ ಹೋಗು ಅಂದರೆ ಒಬ್ಬಳು ಒಲ್ಲೆ ಅನ್ನುವಳು, ಇರು ಅಂದರೆ ಇನ್ನೊಬ್ಬಳು ಗಂಟು ಕಟ್ಟುವಳು. ದಿನಾ ಇದೇ.

ಎಮ್ಮೆಯ ಚಿಂತೆ

ಕುಣಿಕೋಣೂರಿನ ಒಬ್ಬಾಕೆ ಚೊಚ್ಚಲ ಹೆರಿಗೆಯಲ್ಲಿ ಬಹಳ ನೊಂದಿದ್ದಳು. ಇನ್ನೂ ಸ್ವಲ್ಪ ದಿನ ಇರು ಅಂತ ಡಾಕ್ಟರಬಾಯಿ ಹೇಳಿದ್ದರು. ಆಕೆಗೆ ಒಂದೇ ಚಿಂತೆ. “ನಮ್ಮ ಎಮ್ಮಿ ನನ್ನ ಬಿಟ್ಟು ಯಾರಿಗೂ ಹಾಲು ಕೊಡಂಗಿಲ್ರಿ.”

ಮರುದಿನ ಗಂಡ ಗೆಲುವಾಗಿ ಬಂದ. “ಚಿಂತಿ ಬಿಡು. ಎಮ್ಮಿ ಹಾಲು ಕೊಟ್ಟಿತು.”

“ಅದ್ಹ್ಯಾಂಗ್ರಿ?”

“ನಿನ್ನ ಸೀರಿ ಉಟಗೊಂಡು ಹಿಂಡಾಕ ಕುಂತೆ. ನೀನ ಅಂತ ತಿಳಕೊಂತು.”

ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಆಕೆ ನಗಲಿಲ್ಲ. “ಯಾವ ಸೀರಿ?”

“ಇಳಕಲ್ಲದ್ದು. ಪೆಟ್ಟಿಗ್ಯಾಗ ಮ್ಯಾಲ ಇತ್ತಲ್ಲ, ಅದ.”

ಆಕೆ ನನ್ನ ಕಡೆ ತಿರುಗಿದಳು. “ಅಕ್ಕಾರ, ನನಗ ಇವತ್ತ ಸೂಟಿ ಕೊಡಸ್ರಿ.”

ನೋವು ಎಲ್ಲಿ?

ಪೇಟೆಯ ಬಳೆ ವ್ಯಾಪಾರಿಯ ಹೆಂಡತಿಗೆ ನಾವೆಲ್ಲ ಆಪಾ ಅನ್ನುತ್ತಿದ್ದೆವು. ಮನೆ ತುಂಬ ಮಕ್ಕಳು. ಈ ಸಲದ ಹೆರಿಗೆ ಹೂವೆತ್ತಿದಷ್ಟು ಹಗುರಾಗಿ ಆಗಿತ್ತು. ಆದರೆ ಸೂಟಿ ಅಂದ ಕೂಡಲೇ ನಡ ನೋವು ಅಂದಳು. ಮರುದಿನ ಮೊಣಕಾಲು. ಅದರ ಮರುದಿನ ಹೆಗಲು.

ಡಾಕ್ಟರಬಾಯಿ ಕಾಟಿನ ಅಂಚಿಗೆ ಕೂತರು. “ಖರೇ ಹೇಳ್ರಿ ಆಪಾ, ಎಲ್ಲಿ ನೋಯ್ತದ?”

“ಎಲ್ಲೂ ಇಲ್ರಿ ಬಾಯಾರ. ಮನ್ಯಾಗ ನಾ ಒಂದು ತುತ್ತು ತಿನ್ನೂದ್ರಾಗ ಎಲ್ಲಾರೂ ‘ಅಮ್ಮಾ, ಅಮ್ಮಾ’ ಅಂತಾರ.” ಆಕೆ ಕೂಸಿನ ಕಡೆ ನೋಡಿದಳು. “ಇದಕ್ಕ ಇನ್ನಾ ಕರಿಯಾಕ ಬರಂಗಿಲ್ಲ.”

ಡಾಕ್ಟರಬಾಯಿ ಎದ್ದು ಹೊರಗೆ ಹೋದರು. ಕರೆದೊಯ್ಯಲು ಬಂದು ನಿಂತಿದ್ದ ಗಂಡನಿಗೆ ಹೇಳಿದರು: “ನಡ ಭಾಳ ಹಿಡದದ್ರಿ. ಈಗ ಕಳಸೂ ಹಂಗಿಲ್ಲ.”

ಎರಡು ಚಕ್ಕಡಿ

ಕರಜಗಿಯ ಹುಡುಗಿ, ಬಿಳೂರಿಗೆ ಕೊಟ್ಟಿದ್ದರು. ಹೆಣ್ಣು ಕೂಸು ಹೆತ್ತಿದ್ದಳು. ಸೂಟಿಯಾದ ದಿನ ಬಾಗಿಲಿಗೆ ಎರಡು ಚಕ್ಕಡಿ ಬಂದು ನಿಂತವು. ಒಂದರಲ್ಲಿ ತಾಯಿ, ಇನ್ನೊಂದರಲ್ಲಿ ಅತ್ತೆ.

“ಬಾಣಂತನ ತವರಮನ್ಯಾಗ ಆಗಬೇಕು,” ಅಂದಳು ತಾಯಿ.

“ಕರಜಗಿ ಎಷ್ಟು ದೂರ ಅದ. ಹಸಿ ಮೈ, ಅಷ್ಟು ಕುಲುಕಾಟ ತಡೀತದೇನ್ರಿ?” ಅಂದಳು ಅತ್ತೆ. “ಬೇಕಾರ ನಿಮ್ಮ ಮಗಳ್ನ ಒಯ್ಯಿರಿ. ಮೊಮ್ಮಗಳು ನಮ್ಮ ಮನೀದು.”

ಬಾಗಿಲಲ್ಲಿ ನಿಂತಿದ್ದ ಬಾಣಂತಿ, “ಎರಡೂ ಚಕ್ಕಡಿ ಹೋಗಲಿ,” ಅಂದವಳೇ ಕೂಸನ್ನು ಎತ್ತಿಕೊಂಡು ಒಳಗೆ ಹೋಗಿ ಮಲಗಿಬಿಟ್ಟಳು. ಡಾಕ್ಟರಬಾಯಿ ಎಷ್ಟು ಹೇಳಿದರೂ ಏಳಲಿಲ್ಲ. “ಅವರಿಬ್ರೂ ಒಂದು ಮಾತಿಗಿ ಬರಲ್ರಿ, ಆಮ್ಯಾಲ ಏಳ್ತೀನಿ.”

ಬೀಗಿತಿಯರು ಎತ್ತು ಬಿಚ್ಚಿ ಬೇವಿನ ಮರದ ಕೆಳಗೆ ಬೆನ್ನು ತಿರುಗಿಸಿ ಕೂತರು. ಮಧ್ಯಾಹ್ನ ರೊಟ್ಟಿಯ ಬುತ್ತಿ ಬಿಚ್ಚಿದಾಗ ಅತ್ತೆಯ ಹತ್ತಿರ ಪಲ್ಯ ಇರಲಿಲ್ಲ, ತಾಯಿ ತನ್ನ ಕಡಲೆಹಿಟ್ಟಿನ ಜುಣಕ ಮುಂದೆ ಸರಿಸಿದಳು. ಸಂಜೆಗೆ ಒಂದೇ ಚೀಲದ ಎಲಿಅಡಿಕಿ. ಮರುದಿನ ಒಬ್ಬಳ ತಲೆಯ ಹೇನು ಇನ್ನೊಬ್ಬಳು ನೋಡುತ್ತ, ತಂತಮ್ಮ ಗಂಡಂದಿರ ಗುಣ ಹೇಳಿಕೊಂಡು ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು.

ಡಾಕ್ಟರಬಾಯಿ ಅಲ್ಲಿಗೇ ಹೋದರು. “ಒಂದು ಮಾತಿಗಿ ಬಂದ್ರೇನ್ರಿ?”

“ಬಂದೀವ್ರಿ,” ಅಂದಳು ತಾಯಿ. “ಮೊದಲ ಬಿಳೂರ. ಮೈ ಗಟ್ಟಿ ಆದ ಮ್ಯಾಲ ಕರಜಗಿ.”

“ಚಲೋ ಆತು. ಹಂಗಾರ ಈಗ ಕರಕೊಂಡು ನಡೀರಿ.”

ಬೀಗಿತಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ಮೆಲ್ಲಗೆ ಹೇಳಿದಳು: “ಆಕಿನ್ನ ಒಂದು ಚಕ್ಕಡ್ಯಾಗ ಮುಂದ ಕಳಸ್ರಿ ಬಾಯಾರ. ನಮ್ಮಿಬ್ಬರ ಮಾತು ಇನ್ನಾ ಮುಗಿದಿಲ್ಲ.”