ಮೆಟ್ಟಿಲ ಕೆಳಗಿನ ಕಳ್ಳ

ಹೊಸ ಊರಿನಲ್ಲಿ ಯಾರನ್ನೂ ನಂಬಬಾರದು ಅನ್ನುವುದು ನಮ್ಮ ಭಾವನವರ ಮಹಾಸಿದ್ಧಾಂತ. ಪ್ರವಾಸದ ಪುಸ್ತಕ ಬರೆಯುತ್ತಾ ಊರೂರು ಅಲೆದ ಮನುಷ್ಯ. ಸಿದ್ಧಾಂತ ಬಿಟ್ಟರೆ ಬೇರೆ ಆಸ್ತಿ ಎಲ್ಲಿಂದ ಬರಬೇಕು ಹೇಳಿ! ಈ ಸಲ ಅಕ್ಕ ಹಟ ಹಿಡಿದು ಪೇಟೆ ಮಧ್ಯೆ ಒಂದು ಮಹಡಿ ಮನೆ ಹಿಡಿಸಿದ್ದಳು.

"ಅಲೆದದ್ದು ಸಾಕು ಕಣ್ರೀ. ಪೆಟ್ಟಿಗೆ ಬಿಚ್ಚಿ. ಗೋಡೆಗೆ ಒಂದು ಮೊಳೆ ಹೊಡೆದು, ನಂದು ಅಂತ ಒಂದು ಕನ್ನಡಿ ನೇತು ಹಾಕ್ತೀನಿ."

"ಅಕ್ಕಪಕ್ಕದವರು ಎಂಥೋರು ಅಂತ ಮೊದಲು ಗೊತ್ತಾಗ್ಲಿ. ಈ ತಿಂಗಳಲ್ಲಿ ಒಬ್ಬ ಕಳ್ಳ ಸಿಕ್ಕರೂ ಊರು ಬಿಡೋದೇ. ಸಿಗದಿದ್ರೆ ಬಿಚ್ಚೋಣ."

ಪೆಟ್ಟಿಗೆಗೆ ಸರಪಳಿ, ಸರಪಳಿಗೆ ಬೀಗ, ಬೀಗದ ಕೈ ಎಡಗಾಲಿನ ಕಾಲುಚೀಲದೊಳಗೆ. (ಸ್ನಾನದ ಹೊತ್ತಿನಲ್ಲಿ ಎಲ್ಲಿರುತ್ತದೆ ಅಂತ ಕೇಳಬೇಡಿ, ಅಕ್ಕನಿಗೂ ಗೊತ್ತಿಲ್ಲ.) ನೆರೆಯವರಿಗೆ ಗುರುತು ಸಿಗಬಾರದೆಂದು ಟೋಪಿ, ಕಪ್ಪು ಕನ್ನಡಕ, ಮೂಗಿನ ತನಕ ಮಫ್ಲರ್ ಏರಿಸಿ ಹಿಂದಿನ ಮೆಟ್ಟಿಲಿಂದಲೇ ಓಡಾಟ. ಹೊರಟವರು ಬೀದಿ ತುದಿಯಿಂದ ವಾಪಸು ಬಂದು ಬೀಗ ಜಗ್ಗಬೇಕು, ಕಿಟಕಿಯಲ್ಲಿ ಇಣುಕಬೇಕು. ಇಲ್ಲದಿದ್ದರೆ ಜೀವಕ್ಕೆ ಸಮಾಧಾನವಿಲ್ಲ.

ಕೆಳಗಿನ ಮನೆಯ ಟೈಲರಮ್ಮನ ಮೇಲಂತೂ ಪೂರ್ತಿ ಗುಮಾನಿ.

"ಎಷ್ಟೊತ್ತಿಗೆ ಬರ್ತೀರಿ ಅಂತ ನಿನ್ನ ಯಾಕೆ ಕೇಳ್ತಾಳೆ ಅವಳು?"

"ಮಾತಾಡ್ಸೋಕೆ ಕಣ್ರೀ!"

"ಮನೆ ಖಾಲಿ ಇರೋ ಹೊತ್ತು ತಿಳ್ಕೊಳೋಕೆ ಕಣೇ!"

ಒಂದು ಮಧ್ಯಾಹ್ನ ಅಕ್ಕ ಕೆಳಗಿಂದ ಬಂದವಳೇ ಹೇಳಿದಳು: "ರೀ, ನಮ್ಮನೆ ಸುತ್ತ ಒಬ್ಬ ಕಳ್ಳ ಸುಳಿದಾಡ್ತಾನಂತೆ. ಬೀಗ ಜಗ್ತಾನಂತೆ, ಕಿಟಕೀಲಿ ಇಣುಕ್ತಾನಂತೆ. ಟೈಲರಮ್ಮ ಕಣ್ಣಾರೆ ನೋಡಿದಾರೆ."

ಭಾವನಿಗೆ ಸ್ವರ್ಗ ಮೂರೇ ಗೇಣು. "ನೋಡಿದ್ಯಾ! ಬಡ್ಕೊಂಡೆ ನಾನು! ಅವನನ್ನ ಹಿಡಿದು ಕೊಟ್ಟು ಸಂಜೆ ರೈಲಿಗೇ ಹೊರಡೋದು."

"ನೋಡೋಕೆ ಹೇಗಿದಾನೆ ಅಂತ ಕೇಳಲ್ವಾ?"

"ಕಳ್ಳ ಕಳ್ಳನ ಹಾಗೇ ಇರ್ತಾನೆ!"

"ಸರಿ, ಹೋಗಿ ಬನ್ನಿ," ಅಂದಳು ಅಕ್ಕ. (ಇಷ್ಟು ಸುಲಭಕ್ಕೆ ಅವಳು ಸರಿ ಅಂದಾಗಲೇ ಅನುಮಾನ ಬರಬೇಕಿತ್ತು. ಊರನ್ನೆಲ್ಲ ಅನುಮಾನಿಸುವವರಿಗೆ ಅದೊಂದು ಹೊಳೆಯಲಿಲ್ಲ.)

ಭಾವ ಸರ್ವಾಲಂಕಾರಭೂಷಿತರಾಗಿ, ಕೈಯಲ್ಲಿ ಪೊರಕೆ ಹಿಡಿದು ಮೆಟ್ಟಿಲ ಕೆಳಗೆ ಕುಕ್ಕರಿಸಿದರು. ಸ್ವಲ್ಪ ಹೊತ್ತಿಗೆ ಹೆಜ್ಜೆ ಸದ್ದು. "ಕಳ್ಳ! ಕಳ್ಳ!" ಅಂತ ಚಂಗನೆ ಹಾರಿದರು. ಆ ಕಡೆಯಿಂದಲೂ "ಕಳ್ಳ! ಕಳ್ಳ!" ಅನ್ನುತ್ತಾ ತಲೆ ಮೇಲೆ ಬೆಡ್‌ಶೀಟ್ ಬಿತ್ತು. ಟೈಲರಮ್ಮ, ಅವರ ಗಂಡ, ಎದುರಂಗಡಿ ಕ್ಷೌರಿಕ ಮೂವರೂ ಸೇರಿ ಅದುಮಿ ಹಿಡಿದರು.

"ದಿನಾ ಬರೋನು ಇವನೇ!" ಟೈಲರಮ್ಮ ಕೂಗಿದರು. "ಪಾಪ, ಮೇಲಿನಮ್ಮ ಒಂಟಿ ಹೆಂಗಸು ಅಂತ ಕಾವಲು ಕಾದಿದ್ದು ಸಾರ್ಥಕ ಆಯ್ತು!"

"ಅಯ್ಯೋ, ನಾನು ಅವಳ ಗಂಡ ಕಣ್ರಯ್ಯಾ!" ಅಂತ ಬೆಡ್‌ಶೀಟ್ ಒಳಗಿಂದ ಕೇಳಿಸಿತು.

"ಸಿಕ್ಕಿಬಿದ್ದ ಮೇಲೆ ಎಲ್ಲರೂ ಗಂಡಂದಿರೇ," ಅಂದ ಕ್ಷೌರಿಕ.

ಅಕ್ಕ ನಿಧಾನವಾಗಿ ಇಳಿದು ಬಂದಳು. ಟೈಲರಮ್ಮ ಮುಸುಕೆತ್ತಿ, "ಇವನು ಗೊತ್ತಾ ನಿಮಗೆ?" ಅಂತ ಕೇಳಿದರು. ಅಕ್ಕ ತಲೆ ಓರೆ ಮಾಡಿ ನೋಡಿದಳು.

"ಎಲ್ಲೋ ನೋಡಿದ ಹಾಗಿದೆ..."

"ಲೇ!"

"ನಮ್ಮೆಜಮಾನ್ರೇ ಆಗಿದ್ರೆ ಪೆಟ್ಟಿಗೆ ಬೀಗದ ಕೈ ಇವರ ಹತ್ರ ಇರ್ಬೇಕಲ್ಲ."

ಬೆಡ್‌ಶೀಟ್ ಕೆಳಗಿಂದ ಎಡಗಾಲು ಮೆಲ್ಲಗೆ ಹೊರಗೆ ಬಂತು. ಅಕ್ಕ ಕಾಲುಚೀಲ ಎಳೆದು ಬೀಗದ ಕೈ ತೆಗೆದುಕೊಂಡಳು. "ಹೌದು, ಇವರೇ. ಬಿಟ್ಬಿಡಿ."

ಭಾವ ಧೂಳು ಕೊಡವಿಕೊಂಡು ಗೊಣಗಿದರು: "ಕಳ್ಳ ಸಿಕ್ಕರೆ ಊರು ಬಿಡೋದು ಅಂತ ಮಾತಾಗಿತ್ತು..."

"ಈ ಕಳ್ಳ ನಾವು ಹೋದ ಊರಿಗೆಲ್ಲ ಬರ್ತಾನೆ ಕಣ್ರೀ," ಅಂದಳು ಅಕ್ಕ. "ಟೈಲರಮ್ಮಾ, ನಿಮ್ಮನೇಲಿ ಸುತ್ತಿಗೆ ಇದ್ಯಾ?"