ಅಪ್ಪಾಜಿಗೆ ನಾನು ಓದಿ ಹೇಳಿದ ಕಾದಂಬರಿ

ಕಣ್ಣೀರಿನ ಕಾದಂಬರಿಗಳಲ್ಲಿ ಬರುವ ಅಪ್ಪಂದಿರು ಮಗಳನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತಾರೆ. ಅವಳು ಗಂಡನ ಮನೆಯಿಂದ ತಿರುಗಿ ಬರುವವರೆಗೆ ಮಾತ್ರ. ಬಂದಳೋ, ಹೊಸ್ತಿಲಲ್ಲೇ ನಿಲ್ಲಿಸಿ ಅರ್ಧ ಪುಟ ಉಪದೇಶ ಮಾಡಿ ಕಳಿಸಿ, ಆಮೇಲೆ ಕಂಬಕ್ಕೆ ಒರಗಿ ಅಳುತ್ತಾರೆ. ಇಂಥವರ ಬಗ್ಗೆ ನಾನು ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ನನ್ನ ಅಪ್ಪಾಜಿ ಅವರ ಪರಮ ಭಕ್ತರು. ಶಿಕಾರಿಪುರದಲ್ಲಿ ನಮ್ಮದು ಬೀಜ, ಗೊಬ್ಬರದ ಅಂಗಡಿ. ಅಪ್ಪಾಜಿ ಗಲ್ಲಾದ ಮೇಲೆ ಕಾದಂಬರಿ ತೆರೆದಿಟ್ಟುಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದರೆ, ಬಂದ ರೈತರು ಯೂರಿಯಾ ರೇಟು ಮತ್ತೆ ಏರಿತೇನೋ ಎಂದು ಗಾಬರಿಯಾಗುತ್ತಿದ್ದರು. ಆ ಪುಸ್ತಕಗಳ ಪ್ರಕಾರ ಆದರ್ಶ ಹೆಣ್ಣು ತುಟಿ ಕಚ್ಚಿ ನೋವು ನುಂಗಬೇಕು, ಜ್ವರವಿದ್ದರೂ ನಗಬೇಕು, ಕೊನೆಯ ಅಧ್ಯಾಯದಲ್ಲಿ ಯಾರಿಗೂ ತೊಂದರೆಯಾಗದಂತೆ ಸಾಯಬೇಕು. ನಾನು ಜ್ವರದ ಹಂತದಲ್ಲೇ ಫೇಲಾದೆ.

ಜಡೆ ಎಂಬ ಊರಿನ ನನ್ನ ಗಂಡ ಕೆಟ್ಟವರಲ್ಲ. ಹೊಡೆದವರಲ್ಲ, ಬೈದವರಲ್ಲ; ಆ ಮನೆಯಲ್ಲಿ ನಾನೊಬ್ಬಳಿದ್ದೇನೆಂಬುದು ಅವರ ಗಮನಕ್ಕೆ ಬಂದಿರಲಿಲ್ಲ, ಅಷ್ಟೆ. ಮೈ ಸುಡುವ ಜ್ವರದಲ್ಲಿ ಮಲಗಿದ್ದ ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು, “ಹಂಗಾರೆ ಇವತ್ತು ರೊಟ್ಟಿ ಇಲ್ಲ ಅನ್ನು” ಎಂದರು. ಎದ್ದು ರೊಟ್ಟಿ ತಟ್ಟಿದೆ. ತಟ್ಟುತ್ತಿರುವಾಗಲೇ, ಈ ಮನೆಗೆ ನನ್ನ ಕೈಯ ಕೊನೆಯ ರೊಟ್ಟಿ ಇದು ಎನ್ನುವುದು ನನಗೆ ಖಾತ್ರಿಯಾಯಿತು.

ಅದೇ ವಾರ ಅಪ್ಪಾಜಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ನೋಡಿಕೊಳ್ಳುವ ನೆಪದಲ್ಲಿ ದೊಡ್ಡದೊಂದು ಬ್ಯಾಗಿನೊಂದಿಗೆ ಬಂದಿಳಿದೆ. ತಿರುಗಿ ಹೋಗುವುದಿಲ್ಲ ಎಂದು ಹೇಳುವ ಧೈರ್ಯವಾಗಲಿಲ್ಲ. ಪಕ್ಕದ ಉಡುತಡಿಯ ಮಗಳೊಬ್ಬಳು ಅರಮನೆಯನ್ನೇ ಬಿಟ್ಟು ನಡೆದಳೆಂದು ನಮ್ಮ ಕಡೆಯವರು ಇಂದಿಗೂ ಕೈಮುಗಿಯುತ್ತಾರೆ, ನಿಜ. ಆದರೆ ಜಡೆಯ ಹೆಂಚಿನ ಮನೆ ಬಿಟ್ಟು ಬಸ್ಸು ಹತ್ತಿ ಬಂದವಳಿಗೆ ಕೈಮುಗಿಯುವ ಪದ್ಧತಿ ಇಲ್ಲ. ಸಾಲದ್ದಕ್ಕೆ, ಅಮ್ಮ ಹೋದ ಮೇಲೆ ಅಪ್ಪಾಜಿಗೆ ಜೊತೆಯಾಗಿರಲು ಬಂದಿದ್ದ ಅವರ ಅಕ್ಕ, ಕುಬಟೂರಿನ ಸೋದರತ್ತೆ, ನನ್ನ ಬ್ಯಾಗಿನ ಗಾತ್ರ ನೋಡಿಯೇ “ಎಷ್ಟು ದಿನಕ್ಕೆ ಬಂದಿದೀಯೇ?” ಎಂದು ಶುರು ಮಾಡಿದ್ದರು.

ಡಾಕ್ಟರು ಸದ್ಯಕ್ಕೆ ಓದಬೇಡಿ, ಕಣ್ಣುಜ್ಜಬೇಡಿ ಎಂದಿದ್ದರು. ಅಪ್ಪಾಜಿ ಚಡಪಡಿಸಿ, ಕಪಾಟಿನಿಂದ ಒಂದು ಕಾದಂಬರಿ ತರಿಸಿ, “ಓದಿ ಹೇಳವ್ವಾ” ಎಂದರು. ಮಧ್ಯಾಹ್ನ ಊಟವಾದ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಪತ್ತೇದಾರನ ಹಾಗೆ ನಡುಮನೆಯಲ್ಲಿ ಕೂರುತ್ತಿದ್ದರು. ಸೋದರತ್ತೆ ಅವರೆಕಾಯಿ ಸುಲಿಯುತ್ತ ಕೇಳುತ್ತಿದ್ದರು. ನಾಯಕಿ ವಸುಮತಿ ಎಂಥ ಸಹನಶೀಲೆಯೆಂದರೆ ಓದುವ ನನಗೇ ಸುಸ್ತಾಗುತ್ತಿತ್ತು. ಕೊನೆಗೊಂದು ಅಧ್ಯಾಯದಲ್ಲಿ ಆಕೆ ತವರಿನ ಬಾಗಿಲು ತಟ್ಟಿದಳು. ‘ಮಗಳೇ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ತಂದೆಯ ಸಾಲು ಕಣ್ಣಿಗೆ ಬಿತ್ತು. ನಾಲಿಗೆ ಹೊರಳಲಿಲ್ಲ. ಸುಮ್ಮನಿದ್ದರೆ ಅನುಮಾನ ಬರುತ್ತದೆಂದು ಬಾಯಿಗೆ ಬಂದದ್ದನ್ನು ಓದಿದೆ: “ತಂದೆಯು ಬಾಗಿಲು ತೆರೆದು, ‘ಒಳಗೆ ಬಾ ಮಗಳೇ, ಊಟ ಮಾಡಿದೆಯಾ?’ ಎಂದನು.”

ಸೋದರತ್ತೆಯ ಕೈ ಅಲ್ಲೇ ನಿಂತಿತು. “ಎಂಥಾ ಅಪ್ಪನೇ ಅವನು! ನಾಕು ಬುದ್ಧಿಮಾತು ಹೇಳಿ ಕಳಿಸಬಾರ್ದಾ?”

“ಹಸ್ದು ಬಂದಾಳಕ್ಕಾ. ಮೊದ್ಲು ಉಣ್ಲಿ,” ಎಂದರು ಅಪ್ಪಾಜಿ. ನನ್ನ ಕಡೆ ತಿರುಗದೆಯೇ, “ಮುಂದೆ ಓದು” ಎಂದರು.

ಮುಂದೆ ಓದುವುದೇನು, ನಾನೇ ಕಟ್ಟಬೇಕಿತ್ತು. ಮರುದಿನದಿಂದ ಪುಸ್ತಕ ಕೈಯಲ್ಲಿ ನೆಪಕ್ಕಷ್ಟೆ. ವಸುಮತಿ ತವರಿನಲ್ಲೇ ಉಳಿದಳು. ಗಂಡ ಕರೆಯಲು ಬಂದರೆ ಕಾಫಿ ಕೊಟ್ಟು ಕಳಿಸಿದಳು. ಶೈಲಿ ಕೆಡಬಾರದೆಂದು ನಡುನಡುವೆ ‘ಅಯ್ಯೋ ವಿಧಿಯೇ’ ಎಂದು ಸೇರಿಸುತ್ತಿದ್ದೆ. ಒಂದು ದಿನ ಕಥೆ ಹೊಳೆಯದೆ ತಡವರಿಸಿದೆ. ಆಗ ಅಪ್ಪಾಜಿ, “ಅವಳನ್ನ ಮನ್ಯಾಗೆ ಸುಮ್ನೆ ಕೂರಿಸ್ಬ್ಯಾಡ. ಅಪ್ಪನ ಅಂಗಡ್ಯಾಗೆ ಕೂರ್ಸು. ವ್ಯಾಪಾರ ಬರ್ತತಿ ಅವ್ಳಿಗೆ,” ಎಂದರು.

ನಾನು ಪುಸ್ತಕ ಮುಚ್ಚಿದೆ. “ವಸುಮತಿ ಅಪ್ಪನಿಗೆ ಅಂಗಡಿ ಇಲ್ಲ ಅಪ್ಪಾಜಿ. ಜಮೀನ್ದಾರ ಅವನು.”

“ಗೊತ್ತೈತಿ. ಈ ಪುಸ್ತಕ ನಾ ಯಾವಾಗೋ ಓದೀನಿ. ಅವ್ನು ಬಾಗ್ಲು ಹಾಕ್ಕೊಂತಾನೆ, ಅವ್ಳು ಸಾಯ್ತಾಳೆ.” ಕನ್ನಡಕ ತೆಗೆದು ಕಣ್ಣುಜ್ಜಿಕೊಳ್ಳಲು ಹೋದರು. ಡಾಕ್ಟರ ಮಾತು ನೆನಪಾಗಿ ನಾನು ಅವರ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳದೆಯೇ ಹೇಳಿದರು: “ಓದ್ವಾಗ ಅತ್ತೀನಿ, ನಿಜ. ಹಂಗಂತ ನಮ್ಮನ್ಯಾಗೆ ಅದು ಆಗ್ಬೇಕಾ? ಜಡೆಗೆ ನಾನೇ ಫೋನ್ ಮಾಡ್ತೀನಿ ಬಿಡವ್ವಾ.”

ಮಾಡಿದರು ಕೂಡ. ಏನು ಮಾತಾಡಿದರೋ ಕಾಣೆ, ಮುಂದಿನ ವಾರ ನನ್ನ ಹೊಲಿಗೆ ಯಂತ್ರ ಬಸ್ಸಿನ ಟಾಪಿನ ಮೇಲೆ ಕೂತು ಜಡೆಯಿಂದ ಬಂತು. ಈಗ ಅಂಗಡಿಯ ಬೆಳಗಿನ ವ್ಯಾಪಾರವೆಲ್ಲ ನನ್ನದೇ.

ಕಾದಂಬರಿಗಳ ಕಾಲವನ್ನೇ ಮುಗಿಸಿದೆನೆಂಬ ಹೆಮ್ಮೆಯಲ್ಲಿದ್ದ ನಾನು, ಒಂದು ಭಾನುವಾರ ಮಧ್ಯಾಹ್ನ ಆ ಪುಸ್ತಕದ ಅಸಲಿ ಕೊನೆಯನ್ನು ಓದಿ ನಗೋಣವೆಂದು ತೆರೆದೆ. ಸಾಯುತ್ತಿರುವ ವಸುಮತಿ, ‘ಅಪ್ಪನಿಗೆ ತಿಳಿಸಬೇಡಿ, ನೊಂದುಕೊಳ್ಳುತ್ತಾನೆ’ ಎಂದಳು ನೋಡಿ, ನನಗೆ ತಡೆಯಲಾಗಲಿಲ್ಲ. ಬಿಕ್ಕಿ ಬಿಕ್ಕಿ ಅಳತೊಡಗಿದೆ. ಮೂಗು, ಸೆರಗು ಎಲ್ಲ ಒದ್ದೆ. ಸದ್ದು ಕೇಳಿ ಸೋದರತ್ತೆ ಓಡಿ ಬಂದರು. “ನಾ ಹೇಳಿರ್ಲಿಲ್ವಾ ಮಾರಾಯ್ತಿ! ಗಂಡನ ನೆನಪು ಅಷ್ಟು ಸುಲಭಕ್ಕೆ ಬಿಡ್ತದಾ?” ಎಂದು ಬೆನ್ನು ಸವರಿದರು. ಅತ್ತದ್ದು ವಸುಮತಿಗಾಗಿ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗಿ, ಹೌದೆಂದು ತಲೆಯಾಡಿಸಿಬಿಟ್ಟೆ.