ಒಂದು ಕೇಳಿಕೆ, ಮೂವತ್ತೊಂದು ಕರೆ

ಗ್ರಂಥಾಲಯದ ಕಂಪ್ಯೂಟರಿಗೆ ಗಣಕದವನು ಒಂದು ನಿಯಮ ಕಲಿಸಿದ್ದ. ಮೊದಲು ಯಾರಾದರೂ ಪುಸ್ತಕ ಕೇಳಿರಬೇಕು. ಆಮೇಲೆ ಅದರ ಪ್ರತಿ ವಾಪಸು ಬರಬೇಕು. ಎರಡೂ ಇದೇ ಸರದಿಯಲ್ಲಿ ನಡೆದರೆ ಕೇಳಿದವರಿಗೆ ತಾನಾಗಿ ಫೋನ್ ಹೋಗಬೇಕು. ಈ ತರ್ಕವನ್ನು ಮೂರು ಹಾಳೆ ತುಂಬ ಬರೆದು, ಸಾಧಿಸಿ, ಅಡಿಗೆರೆ ಎಳೆದಿದ್ದ. ಬಿಟ್ಟುಹೋದದ್ದು ಒಂದೇ ಮಾತು: ಒಮ್ಮೆ ಫೋನ್ ಹೋದರೆ ಆ ಕೇಳಿಕೆ ಅಲ್ಲಿಗೆ ತೀರಿತು ಎಂಬುದು.

ಅಂದು ಅವನ ಪ್ರೊಬೇಷನ್ನಿನ ಕೊನೆಯ ದಿನ. ಸಂಜೆ ಐದರೊಳಗೆ ಒಂದೂ ದೂರು ಬರದಿದ್ದರೆ ಕೆಲಸ ಕಾಯಂ. ಅಂದೇ ಕಾನೂನು ಕಾಲೇಜು ಒಂದೇ ಪುಸ್ತಕದ ನಲವತ್ತು ಪ್ರತಿ ಹಿಂತಿರುಗಿಸಿತು. ಅದನ್ನು ಕೇಳಿದ್ದವರು ಎದುರು ಬೀದಿಯಲ್ಲಿ ಹೊಸದಾಗಿ ಬೋರ್ಡು ಹಾಕಿದ್ದ ವಕೀಲರು. ಗುಮಾಸ್ತೆ ಒಂದೊಂದೇ ಪ್ರತಿ ನಮೂದಿಸಿದಂತೆ ಅವರಿಗೆ ಒಂದೊಂದು ಫೋನ್ ಹೋಗತೊಡಗಿತು.

"ಏನಪ್ಪಾ ಇದು? ವಕೀಲರಿಗೆ ಹದಿನೇಳು ಸಲ ಫೋನ್ ಹೋಗಿದೆಯಲ್ಲ!" ಲೈಬ್ರೇರಿಯನ್ ಮೇಡಂ ಪರದೆಯ ಮೇಲೆ ಬೆರಳಿಟ್ಟರು.

"ಹದಿನೆಂಟು," ಎಂದರು ಬೈಂಡಿಂಗ್ ತಾತ, ಅಂಟಿನ ಕುಂಚ ಹಿಡಿದೇ ಬಂದು. "ಹೋಗಿ ಹೋಗಿ ವಕೀಲ್ರನ್ನ ಕೆಣಕಿದ್ಯಲ್ಲೋ ಮರಿ! ಒಂದು ಫೋನ್ ಮಾಡಿ ಕ್ಷಮೆ ಕೇಳ್ಬಿಡು."

"ಅದೂ ಇನ್ನೊಂದು ಫೋನ್ ಆಗಲ್ವಾ ತಾತ?"

ಆದರೂ ಮಾಡಿದ. "ಸಾರ್, ತಪ್ಪಾಯ್ತು..." ಎನ್ನುವಷ್ಟರಲ್ಲಿ ಆ ಕಡೆಯಿಂದ ಗಂಭೀರ ದನಿ: "ಇವತ್ತು ಪುರುಸೊತ್ತೇ ಇಲ್ಲಾರೀ. ಮುಂದಿನ ವಾರ ನೋಡೋಣ." ಕರೆ ಕಟ್ಟಾಯಿತು. ಗಣಕದವನು ತನ್ನ ಮೂರು ಹಾಳೆಗಳನ್ನು ಮತ್ತೆ ಹರಡಿಕೊಂಡ.

ಪಲ್ಲವಿಗೆ ಮರಳುವ ಹಾಡಿನಂತೆ ಫೋನ್ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಊಟ ಬಿಟ್ಟು ಕೂತು, ಮೂರು ಗಂಟೆಗೆ ಅವನು ಒಂದು ಸಾಲು ಸೇರಿಸಿದ: ಒಂದು ಕೇಳಿಕೆಗೆ ಒಂದೇ ಕರೆ. ಮೂವತ್ತೊಂದನೇ ಕರೆಗೆ ಎಲ್ಲ ಶಾಂತವಾಯಿತು.

ಐದಕ್ಕೆ ಹತ್ತು ನಿಮಿಷ. ಮೇಡಂ ಕಾಯಂ ಆದೇಶಕ್ಕೆ ಸಹಿ ಹಾಕಲು ಪೆನ್ನು ತೆರೆದರು. ಬಾಗಿಲಲ್ಲಿ ಕರಿಕೋಟು ಕಾಣಿಸಿತು.

"ಸಾರ್, ಆ ಫೋನನ್ನ ಆಗ್ಲೇ ನಿಲ್ಸಿದೀನಿ!" ಗಣಕದವನು ಎದ್ದು ಕೈಮುಗಿದ.

"ಓಹೋ, ನಿಲ್ಸಿದ ಮಹಾನುಭಾವರು ನೀವೇನಾ?" ವಕೀಲರು ಮಡಿಸಿದ ಕಾಗದ ಬಿಡಿಸಿದರು. "ಬೋರ್ಡು ಹಾಕಿ ಆರು ತಿಂಗಳಾಯ್ತು, ಒಂದು ನರಪಿಳ್ಳೆ ಬಂದಿರ್ಲಿಲ್ಲ. ಇವತ್ತು ಫೋನ್ ಬಡ್ಕೊಳ್ಳೋದು ನೋಡಿ, ಎಷ್ಟು ದೊಡ್ಡ ವಕೀಲ್ರಪ್ಪಾ ಅಂತ ಇಬ್ರು ಕೇಸು ಕೊಟ್ರು. ಮೂರನೆಯವ್ರು ಬಂದು ಕೂತ್ರು, ಫೋನ್ ಸತ್ತೇಹೋಯ್ತು! ಅರ್ಧ ಗಂಟೆ ನನ್ನ ಮುಖ ನೋಡಿ ಎದ್ದು ಹೋದ್ರು. ತಗೊಳ್ಳಿ ಮೇಡಂ, ದೂರು."

ಮೇಡಂ ಓದಿದರು. ಪೆನ್ನಿನ ಮುಚ್ಚಳ ಹಾಕಿದರು.

"ಇನ್ನಾರು ತಿಂಗಳು ಪ್ರೊಬೇಷನ್ ಕಣಪ್ಪಾ."